ಯಾವ ಫೈಲು ಯಾರಿಗೆ ಬೇಕು: ದೇವಸಮುದ್ರದ ಸ್ವಪ್ನ

ದೇವಸಮುದ್ರದ ಕುರಿಗಾರ ದೊಡ್ಡೀರಪ್ಪನ ಮಗಳು ಸ್ವಪ್ನ ಚಳ್ಳಕೆರೆಗೆ ಬಂದದ್ದು ಟೈಪಿಂಗ್ ಕಲಿಯಲು. ಎರಡು ಸಾವಿರದ ಮೂರನೇ ಇಸವಿಯ ಹೊತ್ತಿಗೆ ಅವಳು ಹಾಲೇಶಪ್ಪನವರ ಕಂಪ್ಯೂಟರ್ ಸೆಂಟರಿನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು. ಹಿಂಡಿ ಅಂಗಡಿಯ ಮೇಲೆ ಎರಡು ಕೋಣೆ, ಮೂರು ಕಂಪ್ಯೂಟರು. ಶಾಲೆಯ ದಾಖಲಾತಿ, ಕುರಿಗಳ ಲಸಿಕೆ, ಗ್ರಂಥಾಲಯದ ಪುಸ್ತಕಗಳು, ಹೀಗೆ ಇಪ್ಪತ್ತಮೂರು ಪ್ರೋಗ್ರಾಂಗಳು ಅಲ್ಲಿಂದ ಫ್ಲಾಪಿಯಲ್ಲಿ ಊರೂರಿಗೆ ಹೋಗುತ್ತಿದ್ದವು.

ಎಲ್ಲವನ್ನೂ ಮೊದಲಿಂದ ಬರೆಯುತ್ತಿರಲಿಲ್ಲ. ವಯಸ್ಸು ಲೆಕ್ಕ ಹಾಕುವ, ಕನ್ನಡ ಅಕ್ಷರ ಮೂಡಿಸುವ ಫೈಲುಗಳನ್ನು ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುತ್ತಿದ್ದವು. ಪ್ರೋಗ್ರಾಂ ಆಗಲಿ ಹಂಚಿಕೆಯ ಫೈಲಾಗಲಿ, ಪ್ರತಿಯೊಂದಕ್ಕೂ ಏನೇನು ಬೇಕು ಎಂಬ ಪಟ್ಟಿ ಇತ್ತು. ಆದರೆ ಒಂದು ಫೈಲನ್ನು ಮುಟ್ಟಿದರೆ ಯಾರ್ಯಾರಿಗೆ ತಾಗುತ್ತದೆ ಎಂಬುದು ಎಲ್ಲೂ ಬರೆದಿರಲಿಲ್ಲ. ಅದು ಲೋಹಿತನ ತಲೆಯಲ್ಲಿತ್ತು. ಸೆಂಟರಿನ ಹಳೆಯ ಕೆಲಸಗಾರ ಅವನು.

ಆ ಜೂನ್‌ನಲ್ಲಿ ಶಾಲೆಯವರು ಮಕ್ಕಳ ವಯಸ್ಸನ್ನು ವರ್ಷದಲ್ಲಿ ಕೇಳಿದರು. ತಿಂಗಳಲ್ಲಿ ಲೆಕ್ಕ ಕೊಡುತ್ತಿದ್ದ ಫೈಲನ್ನು ಲೋಹಿತ ವರ್ಷಕ್ಕೆ ಬದಲಿಸಿದ. ಶಾಲೆಯ ಕೆಲಸ ಸರಿಹೋಯಿತು. ತಿಂಗಳ ಮೇಲೆ ರಾಂಪುರದ ಕಡೆಯಿಂದ ಪಶುವೈದ್ಯ ಶಿವಣ್ಣನವರ ಫೋನು ಬಂತು.

"ಏನಮ್ಮಾ, ನಿಮ್ಮ ಹೊಸ ಫ್ಲಾಪಿ ಹಾಕಿದ ಮೇಲೆ ಲಸಿಕೆಗೆ ಮೂರು ತಿಂಗಳು ತುಂಬಿದ ಮರಿ ಒಂದೂ ಇಲ್ಲ ಅಂತೈತೆ. ಬೊಮ್ಮಣ್ಣನ ಹಟ್ಟೀಲೇ ನಲವತ್ತು ಅದಾವೆ!"

ಸ್ವಪ್ನಳಿಗೆ ಕೂಡಲೇ ಹೊಳೆಯಿತು. ಕುರಿಗಳ ಲಸಿಕೆಗೂ ಅದೇ ಫೈಲು; ವರ್ಷದ ಲೆಕ್ಕದಲ್ಲಿ ಆ ಎಲ್ಲ ಮರಿಗಳ ವಯಸ್ಸು ಸೊನ್ನೆ. ತಿಂಗಳ ಲೆಕ್ಕವನ್ನು ಮರಳಿ ಕೂರಿಸಿ, ಶಾಲೆಯ ಪ್ರೋಗ್ರಾಂನಲ್ಲೇ ತಿಂಗಳನ್ನು ವರ್ಷ ಮಾಡಿ, ಬಸ್ಸು ಹತ್ತಿ ರಾಂಪುರಕ್ಕೆ ತಾನೇ ಹೋಗಿ ಫ್ಲಾಪಿ ಕೊಟ್ಟು ಬಂದಳು.

"ಅಣ್ಣಾ, ಇನ್ಯಾವುದಕ್ಕೆ ತಾಗೈತೆ?" ಎಂದು ಲೋಹಿತನನ್ನು ಕೇಳಿದಳು.

"ಅಷ್ಟೇ. ಶಾಲೇದು, ಕುರೀದು. ನಂಗೆ ಎಲ್ಲಾ ನೆನಪೈತೆ."

"ಕುರೀದು ಮರೆತಿದ್ರಲ್ಲ?"

ಲೋಹಿತ ತನ್ನ ಕಂಪ್ಯೂಟರಿನತ್ತ ತಿರುಗಿದ. ಅವಳು ಜಗಳಕ್ಕೆ ನಿಲ್ಲಲಿಲ್ಲ. ನೆನಪನ್ನು ನಂಬುವ ಕೆಲಸವೇ ಬೇಡ, ಪಟ್ಟಿಗಳು ಇದ್ದೇ ಇವೆ, ಅವನ್ನು ತಿರುಗುಮುರುಗಾಗಿ ಓದಿದರೆ ಆಯಿತು ಎಂದುಕೊಂಡಳು. ಎಲ್ಲ ಪಟ್ಟಿಗಳನ್ನೂ ಓದಿ, 'ಈ ಫೈಲು ಯಾರಿಗೆ ಬೇಕು' ಎಂದು ಹೇಳುವ ಸಣ್ಣದೊಂದು ಪ್ರೋಗ್ರಾಂ ಬರೆಯಲು ಅವಳಿಗೆ ಎರಡು ದಿನ ಹಿಡಿಯಿತು. ಶನಿವಾರ ಮಧ್ಯಾಹ್ನ, ವಯಸ್ಸಿನ ಫೈಲಿನ ಬಗ್ಗೆ ಕೇಳಿದಾಗ ಮೊದಲ ಉತ್ತರ ಬಂತು: ಶಾಲೆ, ಕುರಿ, ಮತ್ತೆ ವಯಸ್ಸು ನೋಡಿ ಇಂಥವರು ಬನ್ನಿ ಎಂದು ಕರೆಚೀಟಿ ಬರೆಯುವ ಫೈಲು.

"ನೋಡು, ನಾನ್ ಹೇಳಿದ್ದೇ ಬಂತು. ಮೂರನೇದು ಬರೀ ಫೈಲು, ಪ್ರೋಗ್ರಾಂ ಅಲ್ಲ," ಎಂದ ಲೋಹಿತ.

ಸ್ವಪ್ನ ಪರದೆಯನ್ನೇ ನೋಡುತ್ತಿದ್ದಳು. ಹಾಗಾದರೆ ಆ ಫೈಲು ಯಾರಿಗೆ ಬೇಕು? ಉತ್ತರ ಬಂದಷ್ಟೂ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತ ಹೋಗುವಂತೆ ಪ್ರೋಗ್ರಾಂ ತಿದ್ದಿದಳು. ಈ ಸಲ ಇನ್ನೊಂದು ಹೆಸರು ಬಂತು. ಮೊಳಕಾಲ್ಮುರಿನ ಮಕ್ಕಳ ಲಸಿಕೆ ಶಿಬಿರ. ವರ್ಷದ ಲೆಕ್ಕವಿದ್ದ ಅದರ ಹೊಸ ಫ್ಲಾಪಿ ಹೋಗಿ ವಾರವಾಗಿತ್ತು. ಶಿಬಿರ ಸೋಮವಾರ.

ಅಲ್ಲಿನ ನರ್ಸ್ ಸೂರಮ್ಮನವರಿಗೆ ಫೋನು ಮಾಡಿದಳು. "ಸಿಸ್ಟರ್, ಒಂಬತ್ತು ತಿಂಗಳ ಮಕ್ಕಳ ಪಟ್ಟಿ ತೆಗೆದ್ರಾ?"

"ತೆಗ್ದೆ ಕಣಮ್ಮ, ಒಂದು ಹೆಸರೂ ಬರ್ಲಿಲ್ಲ. ಈ ಸಲ ಯಾರೂ ಇಲ್ವೇನೋ ಅಂತ ಆ ಲಸಿಕೆ ತರಿಸ್ಲೇ ಇಲ್ಲ."

"ಅದು ನಮ್ಮ ತಪ್ಪು ರೀ. ಲಸಿಕೆಗೆ ಈಗ್ಲೇ ಹೇಳಿಬಿಡಿ. ಸರಿಯಾದ್ದು ತಗೊಂಡು ನಾನೇ ಬರ್ತೀನಿ."

ಸಂಜೆಯ ಬಸ್ಸಿಗೆ ಲೋಹಿತನೂ ಜೊತೆಗೆ ಹೊರಟ. ದಾರಿಯಲ್ಲಿ, "ನಂಗೆ ಇದು ತೋಚ್ತಿರ್ಲಿಲ್ಲ ಬಿಡು," ಎಂದಷ್ಟೇ ಹೇಳಿದ. ಸರಿಯಾದ ಫ್ಲಾಪಿ ಹಾಕಿದಾಗ ಅರವತ್ತೆರಡು ಮಕ್ಕಳ ಹೆಸರು ಬಂತು. ಭಾನುವಾರ ಇಬ್ಬರೂ ಸೂರಮ್ಮನವರ ಜೊತೆ ಹಳ್ಳಿಹಳ್ಳಿಗೆ ಕರೆಚೀಟಿ ಮುಟ್ಟಿಸಿದರು. ಸೋಮವಾರ ಐವತ್ತೊಂಬತ್ತು ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದರು. ಉಳಿದ ಮೂವರ ಮನೆಗೆ ಸೂರಮ್ಮ ತಾವೇ ಹೋದರು.

ಸ್ವಪ್ನಳ ಪ್ರೋಗ್ರಾಂ ಓಡಿಸಿ ನೋಡದೆ ಯಾರೂ ಹಂಚಿಕೆಯ ಫೈಲನ್ನು ಮುಟ್ಟಕೂಡದೆಂದು ಹಾಲೇಶಪ್ಪ ಆ ವಾರವೇ ಕಟ್ಟುನಿಟ್ಟು ಮಾಡಿದರು. ನಾಲ್ಕು ವರ್ಷ ಕಳೆದು ಅವರು ವಿಶ್ರಾಂತಿಗೆ ಹೋಗುವಾಗ ಸೆಂಟರನ್ನು ಅವಳ ಕೈಗೇ ಒಪ್ಪಿಸಿದರು. ಅವಳು ಮೊದಲು ಕೆಲಸಕ್ಕೆ ತೆಗೆದುಕೊಂಡವಳು ರಾಂಪುರದ ಕಾವ್ಯ. ಕಾವ್ಯಳಿಗೆ ಕೆಲಸ ಕಲಿಸಿದವನು ಲೋಹಿತ.