ಏಳೆಂಟ್ಲ ಐವತ್ತಾರು

ಮಳವಳ್ಳಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ನರೆಗೂದಲ ಹೆಂಗಸು, "ನಾನು ನಿಮ್ಮ ಸ್ಕೂಲಲ್ಲಿ ಓದಿದವ್ಳು ಸಾ" ಎಂದಳು. ತಮಾಷೆಗೆ, "ಏಳೆಂಟ್ಲ ಎಷ್ಟವ್ವ?" ಎಂದೆ. ಉತ್ತರಕ್ಕಿಂತ ಮೊದಲು ಅವಳ ಕೈ ಮುಷ್ಟಿಯಾಗಿ, ಗೆಣ್ಣು ಮೇಲೆ ಮಾಡಿಕೊಂಡು ನನ್ನ ಮುಂದೆ ಬಂತು. ನಾನು ಹೊಡೆಯುತ್ತಿದ್ದುದು ಆ ಗೆಣ್ಣಿಗೇ.

"ಐವತ್ತಾರು ಸಾ," ಎಂದು ನಕ್ಕಳು. "ನಮ್ ಮೊಮ್ಮಗಳ್ಗೂ ಮಗ್ಗಿ ಏಳ್ಕೊಡಿ. ನಾಲ್ಕು ಒಡುದ್ರೂ ಬೇಜಾರಿಲ್ಲ."

ಏಳೆಂಟು ಯಾಕೆ ಐವತ್ತಾರಾಗುತ್ತದೆಂದು ನಾನು ಯಾವ ಮಗುವಿಗೂ ತೋರಿಸಿರಲಿಲ್ಲ. ಮರದ ಸ್ಕೇಲು ತೋರಿಸಿದ್ದೆ.

ಆ ಮಗು ನಾಳೆ ಬರುತ್ತದೆ. ಸ್ಕೇಲನ್ನು ಒಲೆಗೆ ಹಾಕಿದ್ದೇನೆ. ಎಂಟೆಂಟು ಹುಣಸೆಬೀಜದ ಏಳು ಸಾಲು ಜೋಡಿಸಿಟ್ಟು ಕೂತಿದ್ದೇನೆ. ಮಗು ತಪ್ಪು ಎಣಿಸಿದಾಗ ಈ ನನ್ನ ಕೈ ಏನು ಮಾಡೀತೋ ಎಂದು ಹೆದರಿಕೆಯಾಗುತ್ತಿದೆ.