ಗಿಲಕಿ ಗಾಜಿನೊಳಗೆ, ಕೂಸು ಬಾಗಿಲಾಚೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಾದ್ಯಗಳ ಸಂಗ್ರಹಾಲಯದ ಹಿತ್ತಿಲಲ್ಲಿ ಹೆಂಗಸೊಬ್ಬರು ಒಣ ಎಲೆಗಳನ್ನು ಗುಡಿಸಿ ಗುಡ್ಡೆ ಹಾಕುತ್ತಿದ್ದಾರೆ. ಕಿಟಕಿಯ ಹತ್ತಿರ ಬಂದಾಗ ಪೊರಕೆ ನಿಲ್ಲುತ್ತದೆ. ಒಳಗೆ ತಂತಿವಾದ್ಯಗಳ ಸಾಲು, ಅವುಗಳ ಮುಂದಿನ ಗಾಜಿನ ಮೇಲೆ ಯಾರದೋ ಬೆರಳ ಗುರುತು. "ನಿನ್ನೆ ಯಾರೂ ಒರೆಸೇ ಇಲ್ಲ" ಎಂದು ಗೊಣಗಿಕೊಂಡು ಮತ್ತೆ ಗುಡಿಸುತ್ತಾರೆ. ಹೋದ ತಿಂಗಳವರೆಗೆ ಆ ಗಾಜು ಒರೆಸುತ್ತಿದ್ದವರು ಇವರೇ.

ಇಲ್ಲಿ ಎಲ್ಲರಿಗೂ ಇವರು ದೊಡ್ಡಕ್ಕ. ಕೆಲಸಕ್ಕೆ ಸೇರಿದಾಗ ಮಗಳು ಕೈಕೂಸು. "ಅತ್ತೆ ಹತ್ರ ಬಿಟ್ಟು ಬರ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಹಾಲು ಕಟ್ಟಿ ಎದೆ ಕಲ್ಲಾಗೋದು. ಬಚ್ಚಲಿಗೆ ಹೋಗಿ ಹಿಂಡಿ ಚೆಲ್ಲಿ, ಮುಖ ತೊಳ್ಕೊಂಡು ಬಂದು ಮತ್ತೆ ಗಾಜು ಒರೆಸ್ತಿದ್ದೆ" ಎಂದು, ಇದನ್ನು ಬರೆಯಲು ಬಂದ ನನಗೆ ಹೇಳುತ್ತಾರೆ. ಅಳುವುದಿಲ್ಲ, ದನಿ ಏರಿಸುವುದೂ ಇಲ್ಲ.

ಅವರು ಒರೆಸುತ್ತಿದ್ದ ಪೆಟ್ಟಿಗೆಗಳಲ್ಲಿ ಒಂದರ ತುಂಬ ಗಿಲಕಿಗಳಿವೆ. ಮರದ್ದು, ಬೆಳ್ಳಿಯದು, ಒಣಗಿದ ಸೋರೆಬುರುಡೆಯದು. 'ಮನುಷ್ಯನ ಮೊದಲ ವಾದ್ಯ' ಎಂದು ಪಕ್ಕದಲ್ಲಿ ದಪ್ಪಕ್ಷರದ ಬರಹ. ಆದರೆ ಗಿಲಕಿ ಆಡಿಸುವ ವಯಸ್ಸಿನವರು ಒಳಗೆ ಬಂದರೆ ಏನಾಗುತ್ತದೆ ಎಂಬುದನ್ನು ಯಾರೂ ಬರೆದಿಲ್ಲ.

ಹೋದ ತಿಂಗಳು ದೊಡ್ಡಕ್ಕನ ಮಗಳು ತನ್ನ ಕೂಸನ್ನೆತ್ತಿಕೊಂಡು, ಟಿಕೆಟ್ ಕೊಂಡು ಬಂದಳು. ಅಮ್ಮ ಕೆಲಸ ಮಾಡುವ ಜಾಗವನ್ನು ಅವಳು ಒಳಗಿನಿಂದ ನೋಡಿದ್ದು ಅದೇ ಮೊದಲು. ಗುಂಡಿ ಒತ್ತಿದರೆ ವಾದ್ಯದ ನಾದ ಕೇಳುವ ಏರ್ಪಾಡು ಅಲ್ಲಿದೆ. ಮಗಳು ದೊಡ್ಡ ನಗಾರಿಯ ಗುಂಡಿ ಒತ್ತಿದಳು. ಕೂಸು ಬೆಚ್ಚಿಬಿದ್ದು, ಅಮ್ಮನ ಮುಖ ನೋಡಿ, ಆಮೇಲೆ ಕೇಕೆ ಹಾಕಿ ನಕ್ಕಿತು. ಸುತ್ತಲಿದ್ದವರೂ ನಕ್ಕರು. "ಮಗ ತಾಳ ಹಾಕ್ತಾನೆ ನೋಡಿ" ಎಂದರು ಯಾರೋ ಅಜ್ಜ.

ಮೇಲ್ವಿಚಾರಕರು ಧಾವಿಸಿ ಬಂದು ಗದರಿದರು. "ಇದೇನು ಸಂತೆನಾ? ಮಗೂನ ಆಚೆ ಕರ್ಕೊಂಡು ಹೋಗಿ." ನಗುತ್ತಿದ್ದ ಕೂಸು ಆ ದನಿಗೆ ಹೆದರಿ ಅತ್ತಿತು. ಸಮಾಧಾನ ಮಾಡಲು ಮಗಳು ಮೂಲೆಯ ಬೆಂಚಿನಲ್ಲಿ ಕೂತು, ಶಾಲು ಮುಚ್ಚಿಕೊಂಡು ಹಾಲು ಕುಡಿಸತೊಡಗಿದಳು.

"ಇಲ್ಲಿ ಅದೆಲ್ಲ ಮಾಡಬಾರದು. ಶೌಚಾಲಯಕ್ಕೆ ಹೋಗಿ" ಎಂದರು ಮೇಲ್ವಿಚಾರಕರು.

ಇಷ್ಟು ವರ್ಷ ಅವರ ಮಾತಿಗೆ ತಲೆಯಾಡಿಸುತ್ತಲೇ ಬಂದಿದ್ದ ದೊಡ್ಡಕ್ಕ ಕೈಲಿದ್ದ ಗಾಜೊರೆಸುವ ಬಟ್ಟೆ ಕೆಳಗಿಟ್ಟು ನಡುವೆ ಬಂದು ನಿಂತರು. "ಆ ಶೌಚಾಲಯ ನಾವೇ ತೊಳೆಯೋದು ಸಾರ್. ಅಲ್ಲಿ ಕೂತು ನೀವು ಊಟ ಮಾಡ್ತೀರಾ?"

ಕೂಸು ಹೊಟ್ಟೆ ತುಂಬುವವರೆಗೂ ಕುಡಿಯಿತು. ಮಗಳು ಎದ್ದು ಹೋಗುವವರೆಗೂ ಅಮ್ಮ ಅಲ್ಲಿಂದ ಕದಲಲಿಲ್ಲ.

ಮರುದಿನದಿಂದ ಇವರಿಗೆ ಹಿತ್ತಿಲು ಮತ್ತು ಶೌಚಾಲಯ ಮಾತ್ರ. ಒಳಗೆ ಕಾಲಿಡುವ ಹಾಗಿಲ್ಲ. ಕಾರಣ: ಎದುರುತ್ತರ.

ಕೂಸುಗಳು ಬರಬಾರದೆಂಬ ನಿಯಮ ಎಲ್ಲಿದೆ ಎಂದು ನಾನು ಮೇಲ್ವಿಚಾರಕರನ್ನೇ ಕೇಳಿದೆ. "ನಿಯಮ ಅಂತೇನಿಲ್ಲ ಮೇಡಂ, ಒಂದು ಶಿಸ್ತು ಬೇಕಲ್ವಾ" ಎಂದು ನಕ್ಕರು. ಆ ನಗು ನೋಡಿ ಮೈಯೆಲ್ಲ ಉರಿಯಿತು. ಇಲ್ಲದ ನಿಯಮಕ್ಕೆ ಒಬ್ಬ ತಾಯಿಯನ್ನು ಶೌಚಾಲಯಕ್ಕೆ ಅಟ್ಟುವುದು, ಅದನ್ನು ಪ್ರಶ್ನಿಸಿದ ಇನ್ನೊಬ್ಬ ತಾಯಿಯನ್ನು ಅದೇ ಶೌಚಾಲಯ ತೊಳೆಯಲು ಹಚ್ಚುವುದು, ಇದು ಯಾವ ಶಿಸ್ತು? ನಾದಕ್ಕೆಂದು ಕಟ್ಟಿದ ಮನೆಯಲ್ಲಿ ಕೂಸಿನ ನಗು ಗದ್ದಲವಾದರೆ, ಅಲ್ಲಿರುವುದು ಬರೀ ಕಟ್ಟಿಗೆ, ತಂತಿ, ಚರ್ಮ.

ದೊಡ್ಡಕ್ಕ ತಪ್ಪಾಯಿತು ಎಂದರೆ ಮತ್ತೆ ಒಳಗೆ ತೆಗೆದುಕೊಳ್ಳುತ್ತಾರಂತೆ. ಮೇಲ್ವಿಚಾರಕರೇ ಹೇಳಿ ಕಳಿಸಿದ್ದಾರೆ. ಬಿಸಿಲಲ್ಲಿ ಬೆನ್ನು ಬಗ್ಗಿಸುವ ವಯಸ್ಸಲ್ಲ ಇದು, ಒಂದು ಮಾತು ಹೇಳಿಬಿಡಬಾರದೇ ಎಂದು ಜೊತೆಯವರೂ ಅನ್ನುತ್ತಾರೆ. ನಾನೂ ಅದನ್ನೇ ಕೇಳುತ್ತೇನೆ.

ದೊಡ್ಡಕ್ಕ ಗುಡ್ಡೆ ಹಾಕಿದ ಎಲೆಗಳನ್ನು ಬುಟ್ಟಿಗೆ ತುಂಬುತ್ತಾರೆ.

"ಹೇಳಬಹುದು. ಒಂದು ಮಾತು ಅಷ್ಟೇ ತಾನೇ. ಆದ್ರೆ ಅವತ್ತು ನನ್ನ ಮಗಳು ನೋಡ್ತಿದ್ಲು. ಅವಳ ಎದುರಿಗೆ ಆಡಿದ ಮಾತನ್ನ ಅವಳಿಲ್ಲದಾಗ ನುಂಗಿಕೊಳ್ಳಲಾ?"