ಎಡಕ್ಕೆ ಎಳೆಯುವ ಸೈಕಲ್ಲು

ಕಬಕದ ಅಲಿ ಕುಂಞಿಯ ಕೈಗೆ ಬಂದ ಸೈಕಲ್ಲಿಗೆ ಸಾವಿಲ್ಲ ಎಂದು ಹೇಳುವವರಿದ್ದಾರೆ. ಹಾಗೆ ಹೇಳುವವರಲ್ಲಿ ಅಲಿ ಕುಂಞಿಯೇ ಮೊದಲಿಗ. ವಿಟ್ಲದ ರಸ್ತೆಯಲ್ಲಿ ನಾಲ್ಕು ಅಂಗಡಿ ದಾಟಿದರೆ ಅವನ ತಗಡಿನ ಶೆಡ್ಡು. ಮೊದಲೆಲ್ಲ ಅಲ್ಲಿಗೆ ಹಾಲಿನವರು, ಮೀನಿನವರು ಬರುತ್ತಿದ್ದರು. ಈಗ ಬರುವವರೇ ಬೇರೆ. ಒಬ್ಬರಿಗೆ ಹೋಮ್‌ಸ್ಟೇ ಗೇಟಿನ ಬಳಿ ಹೂಕುಂಡ ಇಡಲು ಸೈಕಲ್ಲು ಬೇಕು, ಇನ್ನೊಬ್ಬರಿಗೆ ಅಜ್ಜನ ಸೈಕಲ್ಲಿಗೆ ಗಿಳಿಹಸಿರು ಬಣ್ಣ ಬೇಕು. ಮಗಳು ಸುಹಾನಾ ಮೊಬೈಲಿನಲ್ಲಿ ಫೋಟೋ ಹಾಕಿದ ಮೇಲೆ ಮಂಗಳೂರಿನವರೂ ಹುಡುಕಿಕೊಂಡು ಬರುತ್ತಾರೆ. ಇದರ ತಲೆಬುಡ ಅವನಿಗೆ ಅರ್ಥವಾಗಿಲ್ಲ. ಆದರೆ ಯಾರು ತಂದರೂ ಹಳೆ ಬಣ್ಣ ಕೆರೆಯುವುದು ಒಂದೇ, ಹೊಸತು ಹೊಡೆಯುವುದೂ ಒಂದೇ.

ಹೋದ ಜನವರಿಯಲ್ಲಿ ಪಂಜದಿಂದ ದಮಯಂತಿ ಬಂದಳು, ಪಿಕಪ್ಪಿನಲ್ಲಿ ಗಂಡ ಬೋಜಪ್ಪನ ಸೈಕಲ್ಲು ಹಾಕಿಸಿಕೊಂಡು. ಬೋಜಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಬದುಕಿರುವ ತನಕ ಅದೇ ಸೈಕಲ್ಲಿನಲ್ಲಿ ಹಾಲಿನ ಸೊಸೈಟಿಗೆ ಕ್ಯಾನು ಸಾಗಿಸಿದ ಮನುಷ್ಯ. ಈಗ ಮಗಳು ಭವಿತಾ ಅದೇ ಸೊಸೈಟಿಯಲ್ಲಿ ಹಾಲು ಅಳೆಯುವ ಕೆಲಸಕ್ಕೆ ಸೇರಿದ್ದಳು. ಅಪ್ಪನ ಸೈಕಲ್ಲೇ ಬೇಕೆಂದು ಅವಳ ಹಟ.

"ಮೇಲಿನ ಬಾರ್ ಕತ್ತರಿಸಿ ಕೆಳಗೆ ಓರೆಗೆ ಬೆಸೀಬೇಕು ಅಲಿ ಕುಂಞಿಯಣ್ಣ. ಚೂಡಿದಾರ ಹಾಕಿ ಹತ್ತುವ ಹಾಗೆ" ಎಂದಳು ದಮಯಂತಿ. "ಬಣ್ಣ ಮಾತ್ರ ಕಪ್ಪೇ ಇರ್ಲಿ. ಅವರದ್ದು ಅಂತ ಗೊತ್ತಾಗ್ಬೇಕು."

"ಆಯ್ತು ಅಕ್ಕ. ಒಂದು ವಾರ" ಎಂದ ಅಲಿ ಕುಂಞಿ. ಬೋಜಪ್ಪನ ಹೆಸರು ಕೇಳಿ ಅವನ ಮನಸ್ಸು ಸ್ವಲ್ಪ ಹಿಂದೆ ಮುಂದೆ ಆಯಿತು. ಆದರೆ ಸತ್ತವರ ಬಗ್ಗೆ ಹಳೆಯ ಮಾತು ತೆಗೆಯಬಾರದೆಂದು ಸುಮ್ಮನಾದ.

ಆ ಹಳೆಯ ಮಾತು ಇಷ್ಟೇ. ಮೂವತ್ತು ವರ್ಷದ ಹಿಂದೆ ಅಲಿ ಕುಂಞಿಯ ಅಂಗಡಿ ಕಡಬದಲ್ಲಿತ್ತು. ಬೋಜಪ್ಪ ಅಲ್ಲಿಗೆ ಸೈಕಲ್ಲು ತಂದು ಬಣ್ಣ ಹೊಡೆಸಿಕೊಂಡು ಹೋದ. ವಾರದಲ್ಲಿ ವಾಪಸು ಬಂದು, ಸೈಕಲ್ಲು ಎಡಕ್ಕೆ ಎಳೆಯುತ್ತದೆ ಎಂದ. ಅಲಿ ಕುಂಞಿ ಚಕ್ರ ಬಿಗಿ ಮಾಡಿ ಕಳಿಸಿದ. ಮತ್ತೆ ಬಂದ, ಹ್ಯಾಂಡಲ್ಲು ನೋಡಿ ಕಳಿಸಿದ. ಮೂರನೆಯ ಸಲ ಬಂದಾಗ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. "ಇದು ನನ್ನ ಸೈಕಲ್ಲೇ ಅಲ್ಲ" ಎಂದ ಬೋಜಪ್ಪ. ಅಲಿ ಕುಂಞಿ ಚೈನ್ ಕವರಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಅವನದೇ ಹೆಸರು ತೋರಿಸಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ. ನಾಲ್ಕು ಜನವೂ ನಕ್ಕರು. ಬೋಜಪ್ಪ ಆಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಮಾತು ಮಾತ್ರ ಪಂಜದ ತನಕ ಹೋಯಿತು, ಅಲ್ಲಿ ಅವನಿಗೆ ಎಡ ಬೋಜಪ್ಪ ಎಂದೇ ಹೆಸರಾಯಿತು.

ದಮಯಂತಿ ಹೋದ ಮರುದಿನ ಅಲಿ ಕುಂಞಿ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಫ್ರೇಮಿಗೆ ರಿಮೂವರ್ ಬಳಿದು, ಬಣ್ಣ ಕೆರೆಯಲು ಕೂತ. ಕಪ್ಪು ಹೋಯಿತು, ಅದರಡಿಯ ರೆಡ್ ಆಕ್ಸೈಡೂ ಹೋಯಿತು. ಹಿಂದಿನ ಚಕ್ರದ ಎಡಬದಿಯ ಪೈಪಿನಲ್ಲಿ, ಕೈಬೆರಳಷ್ಟು ಅಗಲಕ್ಕೆ, ಹಳದಿಯಾಗಿ ಏನೋ ಹೊಳೆಯಿತು. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ. ಹಿತ್ತಾಳೆಯ ಬೆಸುಗೆ.

ಅವನ ಕೈ ನಿಂತಿತು. ಬೆಸುಗೆ ಅವನದೇ. ತಾಯಿಗೆ ಮಗುವಿನ ಮಚ್ಚೆ ಗೊತ್ತಿರುವಂತೆ ಅವನಿಗೆ ತನ್ನ ಬೆಸುಗೆ ಗೊತ್ತು. ಆದರೆ ಬೋಜಪ್ಪನ ಫ್ರೇಮು ಯಾವತ್ತೂ ತುಂಡಾಗಿರಲಿಲ್ಲ. ಆ ಜಾಗದಲ್ಲಿ ತುಂಡಾಗಿದ್ದದ್ದು ಆಲಂಕಾರಿನ ಜತ್ತಪ್ಪನ ಸೈಕಲ್ಲು. ರಬ್ಬರ್ ಶೀಟಿನ ಹೊರೆಗೆ ಮುರಿದದ್ದನ್ನು ಇವನೇ ಬೆಸೆದುಕೊಟ್ಟಿದ್ದ. ಬೆಸೆದ ಮೇಲೆ ಅದು ಸ್ವಲ್ಪ ಎಡಕ್ಕೆ ಎಳೆಯುತ್ತದೆ ಎಂದು ಜತ್ತಪ್ಪ ಹೇಳಿದ್ದ. ಬಣ್ಣಕ್ಕೆ ತಂದಾಗ ಅದನ್ನೂ ಸರಿ ಮಾಡಿಕೊಡುತ್ತೇನೆ ಎಂದು ಇವನು ಮಾತು ಕೊಟ್ಟಿದ್ದ. ಸರಿ ಮಾಡಿದ್ದೆನೋ ಇಲ್ಲವೋ? ನೆನಪಾಗಲಿಲ್ಲ. ಎರಡೂ ಸೈಕಲ್ಲು ಬಣ್ಣಕ್ಕೆ ಬಂದದ್ದು ಒಂದೇ ವಾರ. ಅಷ್ಟು ಮಾತ್ರ ನೆನಪಿತ್ತು.

ಅಲಿ ಕುಂಞಿ ನೂಲಿನ ಉಂಡೆ ತೆಗೆದ. ಫ್ರೇಮು ನೇರ ಉಂಟೋ ಎಂದು ನೋಡಲು ಅದಕ್ಕಿಂತ ದೊಡ್ಡ ಯಂತ್ರ ಅವನಲ್ಲಿಲ್ಲ. ಹ್ಯಾಂಡಲ್ಲಿನ ಬುಡದಿಂದ ಹಿಂದಿನ ಚಕ್ರ ಕೂರುವ ಎರಡೂ ತುದಿಗಳಿಗೆ ನೂಲು ಎಳೆದು, ಸೀಟಿನ ಪೈಪಿನಿಂದ ಎರಡು ಬದಿಗೂ ಎಷ್ಟು ಅಂತರ ಎಂದು ಅಳೆಯುವುದು. ಅಳೆದ. ಒಂದು ಬದಿಗೆ ಅರ್ಧ ಬೆರಳು ಹೆಚ್ಚು. ಕಣ್ಣು ಮಸುಕಾಗಿರಬೇಕೆಂದು ಕನ್ನಡಕ ಒರೆಸಿ ಮತ್ತೆ ಅಳೆದ. ಅಷ್ಟೇ ಬಂತು.

ಹಾಗಾದರೆ ಬೋಜಪ್ಪ ಹೇಳಿದ್ದು ಸತ್ಯವೇ? ಹೇಗಾಗುತ್ತದೆ? ಚೈನ್ ಕವರ್ ಬೋಜಪ್ಪನದು, ಸೀಟು, ಚಕ್ರ, ಕ್ಯಾರಿಯರ್ ಎಲ್ಲ ಬೋಜಪ್ಪನದು. ಫ್ರೇಮು ಮಾತ್ರ ಜತ್ತಪ್ಪನದು ಹೇಗೆ? ಅಲಿ ಕುಂಞಿಯ ತಲೆ ಕೆಟ್ಟು ಮೊಸರಾಯಿತು. ರಾತ್ರಿ ಊಟಕ್ಕೆ ಕೂತವನು ಗಂಜಿಯ ಬಟ್ಟಲನ್ನು ಬದಿಗೆ ಸರಿಸಿದ.

"ಮೈಮೂನಾ, ಕಡಬದಲ್ಲಿ ಇದ್ದಾಗ ಪೆರ್ನಾಲ್ ಹಬ್ಬದ ಹಿಂದಿನ ದಿನ ಮಳೆ ಬಂದಿತ್ತಲ್ಲ, ನೆನಪುಂಟಾ?" ಎಂದು ಹೆಂಡತಿಯನ್ನು ಕೇಳಿದ.

"ಉಂಟು. ಒಣಗಲಿಕ್ಕೆ ನೇತು ಹಾಕಿದ ನಿಮ್ಮ ಫ್ರೇಮೆಲ್ಲ ನಾನೇ ಅಲ್ವಾ ಒಳಗೆ ತಂದದ್ದು. ನೀವು ಪೇಟೆಗೆ ಹೋಗಿದ್ದಿರಿ."

ಬಣ್ಣ ಹೊಡೆದ ಫ್ರೇಮಿಗೆ ಗುರುತು ಕಟ್ಟಿದರೆ ಅದು ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೆ ಅವನು ಹಳೆ ಲುಂಗಿಯ ಚೂರುಗಳನ್ನು ಫ್ರೇಮಿಗೆ ಕಟ್ಟದೆ, ಅದನ್ನು ನೇತುಹಾಕುವ ಕೊಕ್ಕೆಗೆ ಕಟ್ಟುತ್ತಿದ್ದ. ಕೆಂಪು ಚೂರಿದ್ದರೆ ಬೋಜಪ್ಪನದು, ನೀಲಿಯಿದ್ದರೆ ಜತ್ತಪ್ಪನದು, ಹೀಗೆ. ಇದನ್ನು ದೊಡ್ಡ ಉಪಾಯವೆಂದು ಹತ್ತು ಜನರಿಗೆ ಹೇಳಿಯೂ ಇದ್ದ.

"ಮತ್ತೆ ಕೊಕ್ಕೆಗೆ ಹಾಕಿದ್ದು ಯಾರು? ಯಾವುದರಲ್ಲಿ ಇತ್ತೋ ಅದರಲ್ಲೇ ಹಾಕಿದ್ದಲ್ವಾ?"

"ನಾನೇ. ಮೂವತ್ತು ವರ್ಷದ ಹಿಂದೆ ಯಾವ ಕೊಕ್ಕೆಗೆ ಯಾವುದು ಅಂತ ನನಗೆ ಹೇಗೆ ಗೊತ್ತು? ಎರಡೂ ಕಪ್ಪೇ. ನಿನ್ನೆ ಕನ್ನಡಕ ಎಲ್ಲಿಟ್ಟದ್ದು ಅಂತ ನಿಮಗೇ ಗೊತ್ತಿಲ್ಲ" ಎಂದಳು ಮೈಮೂನಾ. ಅವಳ ತಪ್ಪೇನೂ ಇರಲಿಲ್ಲ. ಗುರುತು ಕೊಕ್ಕೆಯಲ್ಲಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹತ್ತು ಜನರಿಗೆ ಹೇಳಿದವನು ಮನೆಯವಳಿಗೆ ಹೇಳಬೇಡವೇ?

ಆದರೂ ಇದೆಲ್ಲ ಬರೀ ಊಹೆ ಇರಬಹುದಲ್ಲ. ಅಲಿ ಕುಂಞಿ ಮರುದಿನ ಆಲಂಕಾರಿನ ಬಸ್ಸು ಹತ್ತಿದ. ಜತ್ತಪ್ಪನ ಮನೆಯ ಜಗಲಿಯಲ್ಲಿ ಸೈಕಲ್ಲು ಕಾರಿಗಿಂತ ಹೆಚ್ಚು ಮರ್ಯಾದೆಯಿಂದ ನಿಂತಿತ್ತು, ಎಣ್ಣೆ ಹಚ್ಚಿ ಒರೆಸಿದ್ದರು. ಎಂಬತ್ತು ದಾಟಿದ ಜತ್ತಪ್ಪ ಅವನನ್ನು ನೋಡಿದ್ದೇ ಮನೆಯವರನ್ನೆಲ್ಲ ಕರೆದ.

"ನಾನು ಹೇಳುದಲ್ವಾ, ಅಲಿ ಕುಂಞಿ ಅಂತ, ಇವರೇ. ಎಡಕ್ಕೆ ಎಳೀತಾ ಇದ್ದ ಸೈಕಲ್ಲು, ಇವರು ಬಣ್ಣ ಹೊಡೆದು ಕೊಟ್ಟ ಮೇಲೆ ಕೈ ಬಿಟ್ಟರೂ ನೇರ ಹೋಗ್ತದೆ. ಎಂತ ಕೈ ಮಾರಾಯ್ರೆ ನಿಮ್ಮದು!"

ಅಲಿ ಕುಂಞಿ ಬಾಗಿ, ಹಿಂದಿನ ಚಕ್ರದ ಎಡಬದಿಯ ಪೈಪಿನ ಮೇಲೆ ಬೆರಳಾಡಿಸಿದ. ಬೆಸುಗೆ ಇದ್ದರೆ ಬಣ್ಣದಡಿಯಲ್ಲೂ ಉಬ್ಬು ಸಿಗಬೇಕು. ಎರಡು ಸಲ ಮುಟ್ಟಿದ, ಮೂರು ಸಲ ಮುಟ್ಟಿದ. ಪೈಪು ನುಣ್ಣಗಿತ್ತು. ಮೂವತ್ತು ವರ್ಷ ಆಲಂಕಾರಿನಲ್ಲಿ ತನಗೆ ಸಿಕ್ಕಿದ ಹೊಗಳಿಕೆಯೆಲ್ಲ ಮಾಡದ ಕೆಲಸಕ್ಕೆ ಎಂದು ಆಗ ತಿಳಿಯಿತು.

"ಜತ್ತಪ್ಪಣ್ಣ, ಒಂದು ತಪ್ಪಾಗಿದೆ" ಎಂದು ಅವನು ಎಲ್ಲವನ್ನೂ ಹೇಳಿದ. ಕೊಕ್ಕೆ, ಲುಂಗಿ ಚೂರು, ಮಳೆ, ಬೆಸುಗೆ. ಜತ್ತಪ್ಪ ಕೇಳಿದ, ಕೇಳಿ ನಕ್ಕ.

"ನಿಮಗೆ ವಯಸ್ಸಾಯ್ತು ಮಾರಾಯ್ರೆ. ಮೂವತ್ತು ವರ್ಷ ತುಳಿದವನಿಗೆ ತನ್ನ ಸೈಕಲ್ಲು ಗೊತ್ತಾಗುದಿಲ್ವಾ? ಇದು ನನ್ನದೇ. ಪಂಜದ್ದನ್ನು ನೀವು ಕತ್ತರಿಸಿ, ಬೇಕಾದ್ರೆ ಗುಜರಿಗೆ ಹಾಕಿ, ನನಗೆಂತ?"

ಬಸ್ಸಿನಲ್ಲಿ ವಾಪಸು ಬರುವಾಗ ಅಲಿ ಕುಂಞಿಗೆ ಎಲ್ಲ ಕಲಸುಮೇಲೋಗರವಾಗಿತ್ತು. ಇದು ನನ್ನದಲ್ಲ ಎಂದ ಬೋಜಪ್ಪನ ಮಾತು ನಿಜವಾಗಿತ್ತು, ಅದನ್ನು ಯಾರೂ ನಂಬಲಿಲ್ಲ. ಇದು ನನ್ನದೇ ಎನ್ನುವ ಜತ್ತಪ್ಪನ ಮಾತು ಸುಳ್ಳು, ಅದನ್ನು ಇಡೀ ಆಲಂಕಾರು ನಂಬಿತ್ತು. ಈಗ ದಮಯಂತಿಗೆ ಏನು ಹೇಳುವುದು? ಅವರದ್ದು ಅಂತ ಗೊತ್ತಾಗಬೇಕು ಎಂದಿದ್ದಳು. ಫ್ರೇಮು ಅವಳ ಗಂಡನದಲ್ಲ ಎಂದರೆ ಅವಳ ಕೈಯಿಂದ ಗಂಡನ ಕೊನೆಯ ವಸ್ತುವನ್ನೂ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಬೋಜಪ್ಪ ಸತ್ತ ಮೇಲೂ ಹುಚ್ಚನಾಗಿಯೇ ಉಳಿಯುತ್ತಾನೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು. ಸುಮ್ಮನೆ ಬಾರ್ ಕತ್ತರಿಸಿ ಬಣ್ಣ ಬಳಿದುಬಿಡೋಣ ಎಂದು ಅವನಿಗೆ ಎರಡು ದಿನ ಬಲವಾಗಿ ಅನಿಸಿತು, ಹಾಗೆ ಅನಿಸಿದ್ದನ್ನು ನಾವು ಮುಚ್ಚಿಡುವುದು ಸರಿಯಲ್ಲ. ಗರಗಸ ಹಿಡಿದು ಬಾರಿನ ಮೇಲೆ ಇಟ್ಟೂ ಇದ್ದ. ಕೈ ಓಡಲಿಲ್ಲ.

ಮೂರನೆಯ ದಿನ ಫೋನು ಮಾಡಿ ದಮಯಂತಿಯನ್ನು ಕರೆಸಿದ. ಬೋಳು ಫ್ರೇಮಿನ ಹಳದಿ ಬೆಸುಗೆಯನ್ನು ತೋರಿಸಿ, ನೂಲು ಎಳೆದು ತೋರಿಸಿ, ಒಂದನ್ನೂ ಬಿಡದೆ ಹೇಳಿದ. ಕುಣಿಯಲಾರದವಳ ಗಾದೆ ಹೇಳಿದ್ದು ತಾನೇ ಎಂಬುದನ್ನೂ ಹೇಳಿದ. ದಮಯಂತಿ ಸ್ಟೂಲಿನ ಮೇಲೆ ಕೂತು ಬೆಸುಗೆಯನ್ನು ನೋಡುತ್ತಲೇ ಇದ್ದಳು.

"ಇದು ನನ್ನದಲ್ಲ ಅಂತ ದಿನಾ ಹೇಳ್ತಿದ್ರು" ಎಂದಳು. "ನಿಮ್ಮದು ಯಾವುದು ಅಂತ ಹುಡುಕಿಕೊಂಡು ಬನ್ನಿ ಅಂತ ನಾನೂ ನಗಾಡಿದೆ. ಬಲದ ಭುಜ ನೋಯ್ತದೆ ಅಂತಿದ್ರು. ಎಣ್ಣೆ ತಿಕ್ಕುವಾಗಲೂ ನಗಾಡಿದೆ." ಆಮೇಲೆ ತಲೆಯೆತ್ತಿ ಕೇಳಿದಳು, "ಇದನ್ನು ನೇರ ಮಾಡ್ಲಿಕ್ಕೆ ಎಷ್ಟು ಹೊತ್ತು ಬೇಕು?"

ಅಲಿ ಕುಂಞಿ ಸುಳ್ಳು ಹೇಳಬಹುದಿತ್ತು. "ಒಂದು ಗಂಟೆ" ಎಂದ.

"ಒಂದು ಗಂಟೆಯ ಕೆಲಸವಾ?"

ಅವನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ದಮಯಂತಿ ಬೈಯಲಿಲ್ಲ.

"ನೇರ ಮಾಡಿ. ಬಾರೂ ಕತ್ತರಿಸಿ. ಸಾಯುವ ತನಕ ಅವರು ತುಳಿದದ್ದು ಇದನ್ನೇ, ನನಗೆ ಇದೇ ಅವರದ್ದು. ಆದ್ರೆ ಪಂಜಕ್ಕೆ ನೀವೇ ತಂದು ಕೊಡ್ಬೇಕು. ಶಂಕರಿಯಕ್ಕನ ಹೋಟೆಲಿನಲ್ಲಿ ಕೂತವರ ಎದುರಿಗೆ ಹೇಳ್ಬೇಕು. ಅಲ್ಲೇ ಅವರನ್ನು ಹೆಚ್ಚು ತಮಾಷೆ ಮಾಡಿದ್ದು."

ಹತ್ತು ದಿನದ ಮೇಲೆ ಅಲಿ ಕುಂಞಿ ಪಂಜದಲ್ಲಿ ಪಿಕಪ್ಪಿನಿಂದ ಸೈಕಲ್ಲು ಇಳಿಸಿದ. ಕಪ್ಪು ಬಣ್ಣ, ಓರೆ ಬಾರ್, ಚೈನ್ ಕವರಿನಲ್ಲಿ ಬೋಜಪ್ಪನ ಹೆಸರು ಹೊಸ ಬಿಳಿಯಲ್ಲಿ. ದಮಯಂತಿ, ಭವಿತಾ ಹೋಟೆಲಿನ ಹೊರಗೆ ನಿಂತಿದ್ದರು. ಒಳಗೆ ಐದಾರು ಜನ ಚಾ ಕುಡಿಯುತ್ತಿದ್ದರು. ಅವನು ಕೂರಲಿಲ್ಲ.

"ಬೋಜಪ್ಪಣ್ಣನ ವಿಷಯ ಒಂದು ಹೇಳ್ಲಿಕ್ಕುಂಟು" ಎಂದ.

"ಯಾವ ಬೋಜಪ್ಪ? ಎಡ ಬೋಜಪ್ಪನಾ?" ಎಂದ ಒಬ್ಬ. ಇನ್ನಿಬ್ಬರು ಆಗಲೇ ನಗಲು ತಯಾರಾಗಿದ್ದರು.

"ಅವರು ನೇರವೇ ಇದ್ರು. ನೆಲವೇ ಡೊಂಕಿತ್ತು ಮಾರಾಯ್ರೆ. ಡೊಂಕು ಮಾಡಿದ್ದು ನಾನು" ಎಂದು ಅಲಿ ಕುಂಞಿ ನಡೆದದ್ದನ್ನು ಹೇಳಿದ. ಹೇಳಿ ಮುಗಿಸಿದಾಗ ಶಂಕರಿಯಕ್ಕ ಒಲೆಯ ಬಳಿಯಿಂದ ಎದ್ದುಬಂದು, ಬಾಗಿಲಲ್ಲಿ ದಮಯಂತಿಯ ಪಕ್ಕ ನಿಂತಳು.

ಭವಿತಾ ಸೈಕಲ್ಲು ಹತ್ತಿದಳು. ಹತ್ತು ಮಾರು ಹೋಗಿರಬೇಕು, ಸೈಕಲ್ಲು ಬಲಕ್ಕೆ ತಿರುಗಿ ಚರಂಡಿಯ ಅಂಚಿಗೆ ಹೋಯಿತು. ಕಾಲೂರಿ ನಿಂತಳು. ಮತ್ತೆ ತುಳಿದಳು, ಮತ್ತೆ ಬಲಕ್ಕೆ. ಚಿಕ್ಕಂದಿನಲ್ಲಿ ಅವಳು ಸೈಕಲ್ಲು ಕಲಿತದ್ದು ಇದರಲ್ಲೇ. ಎಡಕ್ಕೆ ಎಳೆಯುವುದನ್ನು ತಡೆಯಲು ಅಪ್ಪ ಹೇಳಿಕೊಟ್ಟ ಹಾಗೆ ಕೈ ತಾನಾಗಿ ಬಲಕ್ಕೆ ತಿರುಗಿಸುತ್ತಿತ್ತು. ಇದು ಅಲಿ ಕುಂಞಿಗೆ ನೋಡಿದ ಕೂಡಲೇ ಗೊತ್ತಾಯಿತು. ಫ್ರೇಮಿಗೆ ಅವನು ನಾಲ್ಕು ಸಲ ನೂಲು ಹಿಡಿದಿದ್ದ, ಕೂದಲಷ್ಟೂ ವ್ಯತ್ಯಾಸ ಇರಲಿಲ್ಲ.

"ಕಾಕ, ಇದು ಬಲಕ್ಕೆ ಎಳೀತದೆ" ಎಂದಳು ಭವಿತಾ ತಳ್ಳಿಕೊಂಡು ಬಂದು. "ಅಪ್ಪನ ಸೈಕಲ್ಲಿನ ಹಾಗೆ ಇಲ್ಲ."

ಹೋಟೆಲಿನ ಬೆಂಚಿನವರು ಅಲಿ ಕುಂಞಿಯ ಮುಖ ನೋಡಿದರು. ಅವನು ರಸ್ತೆಯ ಬದಿಯಲ್ಲೇ ಮಂಡಿಯೂರಿ, ಕಿಸೆಯಿಂದ ನೂಲಿನ ಉಂಡೆ ತೆಗೆದ.

"ಹೌದಾ ಮಗಳೇ? ತಾ, ನೋಡುವ" ಎಂದ.